ನಮ್ಮನೆ ರ‍್ಯಾಕಿನಲ್ಲಿ ಬೇರೆಯವರ ಗಂಟು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನಿನ್ನ ಸಾಧನೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಪ್ಪ" ಅಂದರು. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಮ್ಮ ಬ್ಯಾಚಿನಲ್ಲೇ ಅಂಥವರು ಐದು ಜನ ಇದ್ದೇವೆ, ಅದರಲ್ಲಿ ಹೇಳಿಕೊಳ್ಳುವ ಸಾಧನೆ ಏನೂ ಇಲ್ಲ. ಆದರೆ ಎಂಟು ವರ್ಷದಿಂದ ಮನೆಯಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದೇನೆ. ಕಂಪನಿಗೆ ತಿಳಿಸಿ, ಒಪ್ಪಿಗೆ ತಗೊಂಡೇ ಮಾಡುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸದಲ್ಲಿ ಒಂದು ದೊಡ್ಡ ತಪ್ಪೂ ಮಾಡಿದ್ದೇನೆ. ಇವತ್ತು ಹೇಳಬೇಕು ಅಂದುಕೊಂಡಿರುವುದು ಅದನ್ನು. ಆ ತಪ್ಪಿನಿಂದ ನಷ್ಟ ಆದವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಅಪ್ಪಣೆ ಕೇಳಿದೆ. "ಹೇಳು, ನನ್ನ ಹೆಸರು ಮಾತ್ರ ಬೇಡ" ಅಂದರು. ನಿಮ್ಮಲ್ಲಿ ಅರ್ಧ ಜನಕ್ಕೆ ಹೆಸರು ಹೇಳದೆಯೂ ಗೊತ್ತಾಗುತ್ತದೆ. ಗೊತ್ತಾದರೂ ತಿರುಗಿ ನೋಡಬೇಡಿ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ಮೊಬೈಲಿನಲ್ಲಿ ನೀವು ಒಂದು ವೆಬ್‌ಸೈಟ್ ತೆಗೆದು ನೋಡುತ್ತೀರಿ. ಅದು ಗಾಳಿಯಲ್ಲಿ ತೇಲಿಕೊಂಡು ಬರುವುದಲ್ಲ. ಎಲ್ಲೋ ಒಂದು ಕಡೆ ಒಂದು ಕಂಪ್ಯೂಟರ್ ಹಗಲು ರಾತ್ರಿ ಆನ್ ಆಗಿರುತ್ತದೆ, ಅದರೊಳಗಿನ ಡಿಸ್ಕಿನಲ್ಲಿ ಆ ಪುಟ ಇರುತ್ತದೆ. ನೀವು ಕೇಳಿದಿರಿ, ಅದು ಕೊಟ್ಟಿತು, ಅಷ್ಟೇ. ಹಾಗೆ ಕೇಳಿದವರಿಗೆ ಕೊಡುವ ಕಂಪ್ಯೂಟರಿಗೆ ಸರ್ವರ್ ಅನ್ನುತ್ತಾರೆ. ಬೇರೆಯವರ ವೆಬ್‌ಸೈಟುಗಳನ್ನು ನಮ್ಮ ಸರ್ವರಿನಲ್ಲಿ ಇಟ್ಟುಕೊಂಡು, ತಿಂಗಳಿಗಿಷ್ಟು ಅಂತ ದುಡ್ಡು ತಗೊಳ್ಳುವುದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ದೊಡ್ಡ ಕಂಪನಿಗಳು ಇದನ್ನು ಸಾವಿರಾರು ಕಂಪ್ಯೂಟರ್ ಇಟ್ಟುಕೊಂಡು ಮಾಡುತ್ತವೆ. ಅದಕ್ಕೆ ಈಗ ಕ್ಲೌಡ್, ಅಂದರೆ ಮೋಡ ಅಂತ ಹೆಸರು. ನಮ್ಮ ಬಯಲುಸೀಮೆಯವರಿಗೆ ಮೋಡದ ಮೇಲೆ ಅಷ್ಟು ನಂಬಿಕೆ ಇಲ್ಲ. ಅದಕ್ಕೋ ಏನೋ, ನಾನು ಮನೆಯಲ್ಲೇ ಒಂದು ರ‍್ಯಾಕ್ ಇಟ್ಟೆ.

ರ‍್ಯಾಕ್ ಅಂದರೆ ಕಬ್ಬಿಣದ ಚೌಕಟ್ಟು, ಸುಮಾರು ಸೊಂಟದೆತ್ತರ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಆಟೋದಲ್ಲಿ ತಂದೆ. ಜೊತೆಗೆ ಯಾವುದೋ ಆಫೀಸಿನವರು ತೆಗೆದುಹಾಕಿದ್ದ ಹಳೆಯ ಸರ್ವರ್ ಒಂದನ್ನೂ ತಂದೆ. ಮಧ್ಯಾಹ್ನ ಸ್ವಿಚ್ ಹಾಕಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಆ ಯಂತ್ರಗಳನ್ನು ಮಾಡಿರುವುದು ಎ.ಸಿ. ಹಾಕಿ, ಬಾಗಿಲು ಮುಚ್ಚಿ, ಮನುಷ್ಯರಿಲ್ಲದ ಕೋಣೆಯಲ್ಲಿ ಇಡುವುದಕ್ಕೆ. ಎರಡು ಬೆಡ್‌ರೂಮಿನ ಬಾಡಿಗೆ ಮನೆಗಲ್ಲ. ಮೂರನೇ ದಿನ ನನ್ನ ಹೆಂಡತಿ, "ಇದು ಇರಬೇಕೋ ನಾನಿರಬೇಕೋ" ಅನ್ನುವ ಮಟ್ಟಕ್ಕೆ ಬಂದಳು. ಅದನ್ನು ತಂದ ಅಂಗಡಿಗೇ ಅರ್ಧ ರೇಟಿಗೆ ವಾಪಸ್ ಕೊಟ್ಟು, ಬ್ಯಾಂಕು, ಕಚೇರಿಗಳ ಮೇಜಿನ ಮೇಲೆ ಇರುತ್ತವಲ್ಲ, ಅಂಥ ಸಣ್ಣ ಡೆಸ್ಕ್‌ಟಾಪ್‌ಗಳನ್ನು ಮೂರು ತಂದು ರ‍್ಯಾಕಿನಲ್ಲಿ ಸಾಲಾಗಿ ಜೋಡಿಸಿದೆ. ಸದ್ದು ಫ್ಯಾನಿನಷ್ಟು. ಕರೆಂಟೂ ಕಡಿಮೆ. ಎಲ್ಲ ಸೇರಿ ಸುಮಾರು 110 ವ್ಯಾಟ್. ಎರಡು ಹಳೇ ಬಲ್ಬಿನಷ್ಟು ಅನ್ನಿಸುತ್ತದೆ, ಆದರೆ ಈ ಬಲ್ಬನ್ನು ಯಾವತ್ತೂ ಆರಿಸುವ ಹಾಗಿಲ್ಲ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಲೆಕ್ಕ ಹಾಕಿದರೆ ತಿಂಗಳಿಗೆ 80 ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದಾಗ ನಮ್ಮ ಬೀದಿಗೆಲ್ಲ ಸೊನ್ನೆ ಬಿಲ್ ಬಂತು, ನಮ್ಮದು ಈ ರ‍್ಯಾಕಿನ ದೆಸೆಯಿಂದ 200 ಯೂನಿಟ್ ದಾಟಿ, ಪೂರ್ತಿ ಬಿಲ್ ಕಟ್ಟಿದೆವು. ಮನೆಯಲ್ಲಿ ಆ ವಿಷಯ ಈಗಲೂ ತಿಂಗಳಿಗೊಮ್ಮೆ ಎದ್ದೇ ಏಳುತ್ತದೆ.

ಕಂಪ್ಯೂಟರ್ ಇಟ್ಟರೆ ಮುಗಿಯಲಿಲ್ಲ, ವಿಳಾಸ ಬೇಕು. ಹಾಸ್ಟೆಲಿನಲ್ಲಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸ್ಟೆಲಿನಿಂದ ಯಾರು ಬೇಕಾದರೂ ಕಾಗದ ಬರೆದು ಡಬ್ಬಕ್ಕೆ ಹಾಕಬಹುದು, ಅದು ಹೋಗುತ್ತದೆ. ಆದರೆ ಹೊರಗಿನವರು ಹೆಸರು ಬರೆಯದೆ ಬರೀ ಹಾಸ್ಟೆಲಿನ ವಿಳಾಸ ಹಾಕಿ ಕಳಿಸಿದರೆ, ನೂರು ಹುಡುಗರಲ್ಲಿ ಯಾರಿಗೆ ಅಂತ ವಾರ್ಡನ್ ಕೊಡಬೇಕು? ಮನೆಗಳಿಗೆ ಬರುವ ಇಂಟರ್ನೆಟ್ ಬಹಳ ಕಡೆ ಹೀಗೇ ಇದೆ. ಹತ್ತಾರು ಮನೆಗೆ ಸೇರಿಸಿ ಒಂದೇ ವಿಳಾಸ. ಕಾರಣ ಏನೆಂದರೆ, ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಜಗತ್ತಿಗೆಲ್ಲ ಇರುವುದೇ ಸುಮಾರು 429 ಕೋಟಿ. ನಮ್ಮ ಏಷ್ಯಾ ವಲಯದ ದಾಸ್ತಾನು 2011ರಲ್ಲೇ ಹೆಚ್ಚುಕಡಿಮೆ ಬರಿದಾಯಿತು. ಸರ್ವರ್ ಇಡುವವನಿಗೆ ತನ್ನದೇ ಆದ, ಬದಲಾಗದ ವಿಳಾಸ ಬೇಕು. ಮನೆ ಪ್ಲಾನಿನಲ್ಲಿ ಸರ್ವರ್ ನಡೆಸಬಾರದು ಅಂತ ಕರಾರಿನಲ್ಲೇ ಸಣ್ಣಕ್ಷರದಲ್ಲಿ ಇತ್ತು. ಅದನ್ನು ಓದಿದ ಮೇಲೆ, ವ್ಯಾಪಾರದ ಪ್ಲಾನಿಗೆ ಬದಲಾಯಿಸಿ, ಮೇಲೆ ದುಡ್ಡು ಕಟ್ಟಿ ಒಂದು ಸ್ವಂತ ವಿಳಾಸ ತಗೊಂಡೆ.

ವಿಳಾಸ ಸಿಕ್ಕ ದಿನ ರಾತ್ರಿ ಖುಷಿಯಿಂದ ಮಲಗಿದೆ. ಬೆಳಿಗ್ಗೆ ಎದ್ದು ದಾಖಲೆ ನೋಡಿದರೆ, ಎಲ್ಲೆಲ್ಲಿಂದಲೋ ನೂರಾರು ಸಲ ಬಾಗಿಲು ತಟ್ಟಿದ್ದಾರೆ. ಅಡ್ಮಿನ್, ರೂಟ್, ಟೆಸ್ಟ್ ಅಂತ ಹೆಸರು ಹಾಕಿ ಪಾಸ್‌ವರ್ಡ್ ಊಹೆ ಮಾಡಿದ್ದಾರೆ. ನನ್ನ ಮೇಲೆ ಯಾರಿಗೂ ದ್ವೇಷ ಇಲ್ಲ, ಅವು ಯಂತ್ರಗಳು. ಎಲ್ಲ ವಿಳಾಸಕ್ಕೂ ಸರದಿಯಲ್ಲಿ ಹೋಗಿ ಚಿಲಕ ಅಲ್ಲಾಡಿಸಿ ನೋಡುತ್ತವೆ. ನಮ್ಮ ಶಾಲೆಯ ಹಿಂದಿನ ಹುಣಸೆಮರಕ್ಕೆ ನಾವು ದಾರಿಯಲ್ಲಿ ಹೋಗುವಾಗಲೆಲ್ಲ ಒಂದೊಂದು ಕಲ್ಲು ಬೀರುತ್ತಿದ್ದ ಹಾಗೆ, ಬಿದ್ದರೆ ಬೀಳಲಿ ಅಂತ.

ಮೊದಲ ಗಿರಾಕಿ ತಿಪಟೂರಿನ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ. ಮಾರುಕಟ್ಟೆ ದಿನದ ರೇಟು ಹಾಕುವುದಕ್ಕೆ ಅವರಿಗೊಂದು ಪುಟ ಬೇಕಿತ್ತು. ಆಮೇಲೆ ಒಂದು ಹೊಲಿಗೆ ತರಬೇತಿ ಕೇಂದ್ರ, ಒಂದು ನರ್ಸರಿ, ಒಂದು ಭಜನಾ ಮಂಡಳಿ, ಹೀಗೆ ಒಬ್ಬರಿಂದ ಒಬ್ಬರು. ಅವರೆಲ್ಲ ಮೊದಲು ಬೇರೆ ಕಡೆ ಇದ್ದವರೇ. ಅಲ್ಲಿ ಮೊದಲ ವರ್ಷ ಅಗ್ಗ, ಎರಡನೇ ವರ್ಷ ಮೂರು ಪಟ್ಟು. ಕೆಟ್ಟರೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ದೂರು ಕೊಡಬೇಕು. ನನಗಾದರೆ ಫೋನ್ ಮಾಡಿ, "ಓಪನ್ ಆಗ್ತಿಲ್ಲ ಸಾರ್" ಅಂದರೆ ಸಾಕು. ಒಬ್ಬರಿಗೆ ತಿಂಗಳಿಗೆ 150 ರೂಪಾಯಿ. 22 ಜನ ಆದಾಗ 3,300 ಬರುತ್ತಿತ್ತು. ಇಂಟರ್ನೆಟ್ಟಿಗೆ 1,500, ಕರೆಂಟಿಗೆ 500, ಯು.ಪಿ.ಎಸ್. ಬ್ಯಾಟರಿಗೂ ಡಿಸ್ಕಿಗೂ ಅಂತ 800 ಎತ್ತಿಟ್ಟರೆ ಉಳಿಯುವುದು ಐನೂರು. ಅಂದರೆ ಇದು ದುಡ್ಡಿಗೆ ಮಾಡುವ ಕೆಲಸ ಅಲ್ಲ. ಆದರೂ ದುಡ್ಡು ತಗೊಳ್ಳಲೇಬೇಕು. ಪುಕ್ಕಟೆ ಕೊಟ್ಟರೆ, ಕೆಟ್ಟಾಗ ಅವರಿಗೆ ಕೇಳುವ ಧೈರ್ಯ ಇರುವುದಿಲ್ಲ, ನನಗೂ ಎದ್ದು ಸರಿಮಾಡುವ ಭಯ ಇರುವುದಿಲ್ಲ.

ತೊಂದರೆಗಳು ಬಂದವು. ಹೆಚ್ಚಿನವು ನಗು ಬರಿಸುವಂಥವೇ. ಒಂದು ಹಲ್ಲಿ ಪವರ್ ಸಪ್ಲೈ ಒಳಗೆ ಹೋಗಿ ತಾನೂ ಸತ್ತು, ಅದನ್ನೂ ಸಾಯಿಸಿತು. ಇನ್ನೊಂದು ಸಲ ಅಮ್ಮ ಊರಿನಿಂದ ಬಂದಿದ್ದರು. ನಾನು ಆಫೀಸಿನಲ್ಲಿದ್ದೆ, ಒಂದೇ ಸಮ ಫೋನ್‌ಗಳು, ಯಾರದ್ದೂ ಓಪನ್ ಆಗ್ತಿಲ್ಲ. ಮನೆಗೆ ಫೋನ್ ಮಾಡಿದರೆ ಅಮ್ಮ, "ಯಾರೂ ಇಲ್ದಿರೋ ರೂಮ್ನಾಗೆ ಅದೇನೋ ಉರೀತಾ ಇತ್ತು ಕಣಪ್ಪ, ಸುಮ್ನೆ ಕರೆಂಟು ದಂಡ ಅಂತ ಆರಿಸ್ದೆ" ಅಂದರು. ಅಮ್ಮನದು ತಪ್ಪಲ್ಲ. ವೆಬ್ ಅನ್ನುವುದನ್ನು ಮೊದಲು ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರಿಗೂ ಇದೇ ಭಯ ಇತ್ತು. ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಅವರ ಮೇಜಿನ ಕಂಪ್ಯೂಟರೇ ಜಗತ್ತಿನ ಮೊದಲ ವೆಬ್ ಸರ್ವರ್. ಇದು ಸರ್ವರ್, ಆರಿಸಬೇಡಿ ಅಂತ ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಚೀಟಿ ಅಂಟಿಸಿದ್ದರು. ನಾನೂ ಒಂದು ಚೀಟಿ ಬರೆದು ಅಂಟಿಸಿದೆ. ಅಮ್ಮನಿಗೆ ಓದಲು ಬರುತ್ತದೆ, ಇದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವರು.

ಈಗ ಎರಡನೇ ಸಾಲಿನವರ ವಿಷಯ.

ಅವರು ಈ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಿಲ್ಲ. ಟಿ.ವಿ.ಎಸ್. ಮೊಪೆಡ್ಡಿನಲ್ಲಿ ಸುತ್ತಮುತ್ತಲ ಹಳ್ಳಿಗೆಲ್ಲ ಹೋಗಿ, ವಯಸ್ಸಾದ ಹೆಂಗಸರ ಹತ್ತಿರ ಸೋಬಾನೆ ಪದ, ರಾಗಿ ಬೀಸುವ ಪದ, ಗೌರಿ ಹಬ್ಬದ ಪದ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಮನೆಗೆ ಬಂದು ಕೇಳಿಕೊಂಡು ಟೈಪ್ ಮಾಡುವುದು. ಅದಕ್ಕೆ ನಾನು ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಹಾಡೂ ಕೇಳಬಹುದು, ಕೆಳಗೆ ಪದವನ್ನೂ ಓದಬಹುದು. ಅದಕ್ಕೂ 150 ರೂಪಾಯಿ ಕೊಡುತ್ತೇನೆ ಅಂತ ಹಟ ಹಿಡಿದರು. ಗುರುಗಳ ಹತ್ತಿರ ದುಡ್ಡು ತಗೊಳ್ಳುವುದಿಲ್ಲ ಅಂತ ನಾನು ಹಟ ಹಿಡಿದೆ. ನಾನೇ ಗೆದ್ದೆ.

ಒಂದು ದಿನ ಫೋನ್ ಮಾಡಿ, "ಮೊಬೈಲ್ ತುಂಬಿಹೋಗಿದೆ ಅಂತ ತೋರಿಸ್ತಾ ಇದೆ, ಏನಯ್ಯಾ ಮಾಡ್ಲಿ?" ಅಂದರು. ನಾನು ಏನು ಹೇಳಿದೆ ಅಂತ ನನಗೆ ಅಕ್ಷರಶಃ ನೆನಪಿದೆ. "ಸರ್ವರ್‌ಗೆ ಹಾಕಿದ ಮೇಲೆ ಮೊಬೈಲಿನಿಂದ ಅಳಿಸಿಬಿಡಿ ಸಾರ್. ನನ್ನ ಹತ್ತಿರ ಎರಡು ಡಿಸ್ಕಿನಲ್ಲಿ ಇರುತ್ತೆ, ಒಂದು ಹೋದ್ರೂ ಇನ್ನೊಂದು ಇರುತ್ತೆ."

ಅದು ಸುಳ್ಳಲ್ಲ. ಎರಡು ಡಿಸ್ಕುಗಳಿಗೆ ಒಂದೇ ಸಮಯದಲ್ಲಿ ಒಂದೇ ವಿಷಯ ಬರೆಯುತ್ತಾ ಹೋಗುವ ಏರ್ಪಾಡು ಇತ್ತು. ಒಂದು ಕೆಟ್ಟರೆ ತೆಗೆದು ಹೊಸದು ಹಾಕಿದರೆ, ಉಳಿದದ್ದನ್ನು ನೋಡಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಸಾಲದ್ದಕ್ಕೆ, ಪ್ರತಿ ರಾತ್ರಿ ಎರಡು ಗಂಟೆಗೆ ಇಡೀ ದಿನದ್ದನ್ನೆಲ್ಲ ಮೂರನೇ ಕಂಪ್ಯೂಟರಿಗೆ ನಕಲು ಮಾಡುವ ಒಂದು ಪುಟ್ಟ ಪ್ರೋಗ್ರಾಂ ನಾನೇ ಬರೆದಿದ್ದೆ.

2023ರ ಏಪ್ರಿಲ್‌ನಲ್ಲಿ, ಬಿಸಿಲು ಕಾಯುತ್ತಿದ್ದ ದಿನಗಳಲ್ಲಿ, ಒಂದು ಡಿಸ್ಕ್ ಹೋಯಿತು. ಗಾಬರಿಯಾಗಲಿಲ್ಲ. ಹೊಸದು ತಂದು ಹಾಕಿದೆ. ಹೊಸದನ್ನು ತುಂಬಬೇಕಾದರೆ ಹಳೆಯದನ್ನು ಮೊದಲಿನಿಂದ ಕೊನೆಯವರೆಗೆ ಬಿಡುವಿಲ್ಲದೆ ಓದಬೇಕು. ಆ ಎರಡು ಡಿಸ್ಕನ್ನೂ ನಾನು ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತಗೊಂಡಿದ್ದೆ. ಒಂದೇ ಜೋಡಿಯ ಎತ್ತುಗಳು, ಅಷ್ಟೇ ವರ್ಷ ಅಷ್ಟೇ ಉತ್ತಿದ್ದವು. ಒಂದಕ್ಕೆ ಆಯಸ್ಸು ಮುಗಿದಿದ್ದರೆ ಇನ್ನೊಂದಕ್ಕೂ ಬಹಳ ಉಳಿದಿರಲಿಲ್ಲ. ಶೇಕಡ 62 ಆಗಿದ್ದಾಗ ಎರಡನೆಯದೂ ಕಟಕಟ ಅಂದು ನಿಂತಿತು.

ಆಗಲೂ ಧೈರ್ಯ ಇತ್ತು, ಮೂರನೆಯದರಲ್ಲಿ ನಕಲು ಇದೆಯಲ್ಲ ಅಂತ. ತೆಗೆದು ನೋಡಿದೆ. ಕೊನೆಯ ನಕಲು ಹನ್ನೊಂದು ವಾರದ ಹಿಂದಿನದು. ಆ ಕಂಪ್ಯೂಟರಿನ ಡಿಸ್ಕ್ ಫೆಬ್ರವರಿಯಲ್ಲೇ ತುಂಬಿಹೋಗಿತ್ತು. ಅವತ್ತಿನಿಂದ ಪ್ರತಿ ರಾತ್ರಿ ನನ್ನ ಪ್ರೋಗ್ರಾಂ ಎದ್ದು, ಜಾಗ ಇಲ್ಲ ಅಂತ ಒಂದು ಕಡತದಲ್ಲಿ ಬರೆದು, ಕೊನೆಗೆ ನನ್ನ ಮೊಬೈಲಿಗೆ "ನಕಲು ಮುಗಿಯಿತು" ಅಂತ ಸಂದೇಶ ಕಳಿಸಿ ಮಲಗುತ್ತಿತ್ತು. ಆಗಲಿ ಬಿಡಲಿ, ಕೊನೆಯ ಸಾಲಿನಲ್ಲಿ ಮುಗಿಯಿತು ಅನ್ನು ಅಂತ ಬರೆದಿಟ್ಟವನು ನಾನೇ. ಪಾಠ ಒಪ್ಪಿಸದೆ "ಆಯ್ತು ಸಾರ್" ಅನ್ನುವ ಹುಡುಗನ ಹಾಗೆ. ಹನ್ನೊಂದು ವಾರ ನಾನು ಆ "ಮುಗಿಯಿತು" ನೋಡಿ ನೆಮ್ಮದಿಯಾಗಿ ಮಲಗಿದ್ದೇನೆ. ಒಂದು ಸಲವೂ ನಕಲಿನಿಂದ ಒಂದು ಕಡತ ವಾಪಸ್ ತೆಗೆದು ನೋಡಿರಲಿಲ್ಲ.

ಕೆಟ್ಟ ಡಿಸ್ಕಿನಿಂದ ದತ್ತಾಂಶ ತೆಗೆದುಕೊಡುವವರ ಹತ್ತಿರವೂ ಹೋದೆ. ಬಿಚ್ಚಿ ನೋಡಿ, ಒಳಗಿನ ತಟ್ಟೆಯ ಮೇಲೇ ಗೀರು ಬಿದ್ದಿದೆ ಅಂದರು.

ಉಳಿದ ಗಿರಾಕಿಗಳಿಗೆ ಹೆಚ್ಚು ಹಾನಿಯಾಗಲಿಲ್ಲ, ಅವರ ಪುಟಗಳು ವರ್ಷಕ್ಕೊಮ್ಮೆ ಬದಲಾಗುವಂಥವು. ಕೊಬ್ಬರಿಯವರಿಗೆ ಹಳೇ ರೇಟುಗಳು ಹೋದವು. "ಹಳೇ ರೇಟು ಕಟ್ಕೊಂಡು ಏನ್ಮಾಡದು ಬಿಡಿ ಸಾರ್" ಅಂದರು. ಹನ್ನೊಂದು ವಾರವೂ ಬಿಡದೆ ಹೊಸದನ್ನು ಹಾಕುತ್ತಿದ್ದವರು ನಮ್ಮ ಮೇಷ್ಟ್ರು ಒಬ್ಬರೇ. ಎಲ್ಲ ಸೇರಿದರೂ ಒಂದು ಜಿ.ಬಿ. ಇರಲಿಲ್ಲ. ಮಕ್ಕಳು ಕೀಲಿಗೊಂಚಲಿಗೆ ಸಿಕ್ಕಿಸಿಕೊಳ್ಳುವ ಪೆನ್ ಡ್ರೈವಿನ ಒಂದು ಮೂಲೆಯಲ್ಲಿ ಹಿಡಿಯುತ್ತಿತ್ತು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬಸ್ಸು ಹತ್ತಿ ಊರಿಗೆ ಬಂದೆ. ಅವರು ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಮ್ಮಾವ್ರು ಮಜ್ಜಿಗೆ ತಂದುಕೊಟ್ಟರು. ಕುಡಿದಾದ ಮೇಲೆ ಹೇಳಿದೆ. ಮೇಷ್ಟ್ರು ಕೈ ನಿಲ್ಲಿಸಲಿಲ್ಲ.

"ಎಷ್ಟು ಹೋದವು?"

"ನಲವತ್ತೊಂದು ಸಾರ್."

"ಯಾವ್ಯಾವು?"

ನನಗೆ ಗೊತ್ತಿರಲಿಲ್ಲ. ಕಡತದ ನಂಬರ್ ಗೊತ್ತಿತ್ತು, ಅಳತೆ ಗೊತ್ತಿತ್ತು, ಯಾವ ಹಾಡು, ಯಾವ ಊರು, ಯಾರು ಹಾಡಿದ್ದು, ಒಂದೂ ಗೊತ್ತಿರಲಿಲ್ಲ. ಎರಡು ವರ್ಷ ಅವು ನನ್ನ ಮನೆಯಲ್ಲಿದ್ದವು, ಒಂದನ್ನೂ ಪೂರ್ತಿ ಕೇಳಿರಲಿಲ್ಲ.

ಅವರು ಎದ್ದು ಕೈ ತೊಳೆದುಕೊಂಡು ಒಳಗೆ ಹೋಗಿ ಒಂದು ಲಾಂಗ್ ನೋಟ್‌ಬುಕ್ ತಂದರು. ತಾರೀಕು, ಊರು, ಹಾಡಿದವರ ಹೆಸರು, ವಯಸ್ಸು, ಹಾಡಿನ ಮೊದಲ ಎರಡು ಪದ, ಎಲ್ಲ ಅವರ ಆ ಗುಂಡು ಅಕ್ಷರದಲ್ಲಿ ಬರೆದಿತ್ತು. ಇಬ್ಬರೂ ಕೂತು ನೋಡುತ್ತಾ ಹೋದೆವು. ಹೋದದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಇಂಟು ಹಾಕಿದರು. ನಮ್ಮ ಕಾಪಿ ಪುಸ್ತಕಗಳಿಗೆ ಹಾಕುತ್ತಿದ್ದ ಅದೇ ಇಂಟು. ಒಂದು ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದರು. ರಾಗಿ ಬೀಸುವ ಪದ, ನಲವತ್ತು ನಿಮಿಷದ್ದು. ಹಾಡಿದ ಅಜ್ಜಿ ಆ ಯುಗಾದಿಗೆ ಮುಂಚೆ ತೀರಿಕೊಂಡಿದ್ದರು. ಆ ಪದ ಪೂರ್ತಿ ಬರುತ್ತಿದ್ದುದು ಅವರೊಬ್ಬರಿಗೇ.

ಬೈಯಲಿಲ್ಲ. "ನೀನು ಅಳಿಸಿ ಅಂದೆ, ಅಳಿಸಿದೆ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತು ರಾತ್ರಿ ವಾಪಸ್ ಹೋಗುವಾಗ, ಇದನ್ನೆಲ್ಲ ಮುಚ್ಚಿಬಿಡೋಣ ಅಂತ ನಿರ್ಧಾರ ಮಾಡಿಬಿಟ್ಟಿದ್ದೆ. ಹೆಂಡತಿಗೂ ಹೇಳಿದೆ, ಅವಳೂ ಸರಿ ಅಂದಳು. ಒಂದು ವಾರದ ಮೇಲೆ ಮೇಷ್ಟ್ರ ಫೋನ್ ಬಂತು. "ಭಾನುವಾರ ಬಿಡುವಿದೆಯೇನಯ್ಯಾ? ಆ ನಲವತ್ತೊಂದರಲ್ಲಿ ಎಷ್ಟು ಸಿಕ್ಕರೆ ಅಷ್ಟು ಮತ್ತೆ ಹಾಡಿಸಿಕೊಂಡು ಬರೋಣ. ನನಗೆ ಈಗ ಅಷ್ಟು ದೂರ ಗಾಡಿ ಓಡಿಸೋಕ್ಕಾಗಲ್ಲ." ನಾನು ಬಂದೆ. ಅವತ್ತಿನಿಂದ ತಿಂಗಳಿಗೆ ಒಂದೆರಡು ಭಾನುವಾರ ಬರುತ್ತಲೇ ಇದ್ದೇನೆ. ಆ ಮೊಪೆಡ್ ನಾನು ಓಡಿಸುತ್ತೇನೆ, ಅವರು ಹಿಂದೆ ಕೂರುತ್ತಾರೆ. ಈವರೆಗೆ 27 ಮತ್ತೆ ಸಿಕ್ಕಿವೆ. ಕೆಲವರು ಮೊದಲಿಗಿಂತ ಚೆನ್ನಾಗಿ ಹಾಡಿದರು, ಕೆಲವರು ನಡುವೆ ಮರೆತರು. "ಹೋದ್ಸಲ ಹಾಡಿದ್ನಲ್ಲ, ಅದೇನಾತು?" ಅಂತ ಕೇಳಿದವರಿಗೆ ನಾನೇ ಉತ್ತರ ಹೇಳಬೇಕು. ಅದು ಮೇಷ್ಟ್ರು ಹಾಕಿದ ಷರತ್ತು.

ರ‍್ಯಾಕ್ ಮುಚ್ಚಲಿಲ್ಲ. ಆದರೆ ಬದಲಾಯಿಸಿದೆ. ನನ್ನ ಹಾಗೇ ಮನೆಯಲ್ಲಿ ಏನಾದರೂ ಇಟ್ಟುಕೊಂಡಿರುವ ಹುಡುಗರು ಇಲ್ಲಿ ಇದ್ದರೆ, ಮೊಬೈಲಿನಲ್ಲಿ ಮಕ್ಕಳ ಫೋಟೋ ಇಟ್ಟುಕೊಂಡಿರುವ ಎಲ್ಲರಿಗೂ ಇದು ಬೇಕಾಗಬಹುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೋಡಿ ಡಿಸ್ಕ್ ಇರುವುದು, ಒಂದು ಕೆಟ್ಟರೂ ಅಂಗಡಿ ಮುಚ್ಚದ ಹಾಗೆ ನೋಡಿಕೊಳ್ಳುವುದಕ್ಕೆ. ಅದು ನಕಲು ಅಲ್ಲ. ನೀವು ತಪ್ಪಿ ಒಂದನ್ನು ಅಳಿಸಿದರೆ ಎರಡರಲ್ಲೂ ಅಳಿಸಿಹೋಗುತ್ತದೆ. ನಕಲು ಅಂದರೆ ಬೇರೆ ಯಂತ್ರದಲ್ಲಿ, ಬೇರೆ ಮನೆಯಲ್ಲಿ ಇರಬೇಕು. ದೊಡ್ಡವರಿಗೂ ಇದೇ ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಇಡೀ ಡೇಟಾ ಸೆಂಟರ್ ಬೆಂಕಿಗೆ ಸುಟ್ಟುಹೋಯಿತು. ನಕಲನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗಿರಾಕಿಗಳಿಗೆ ಎರಡೂ ಹೋದವು. ಹುಲ್ಲಿನ ಬಣವೆ ಎರಡು ಹಾಕಿದರೂ ಪಕ್ಕಪಕ್ಕ ಹಾಕಬಾರದು ಅಂತ ನಮ್ಮಪ್ಪನಿಗೆ ಗೊತ್ತಿತ್ತು, ಬಿ.ಇ. ಓದಿದ ನನಗೆ ಗೊತ್ತಿರಲಿಲ್ಲ.

ಈಗ ಒಂದು ಪ್ರತಿ ಬೆಂಗಳೂರಿನ ರ‍್ಯಾಕಿನಲ್ಲಿ. ಒಂದು ಪ್ರತಿ ಬಾಡಿಗೆಗೆ ತಗೊಂಡ ದೊಡ್ಡ ಕಂಪನಿಯ ಜಾಗದಲ್ಲಿ, ಹೌದು, ಮೋಡದಲ್ಲೇ. ಇನ್ನೊಂದು ಇದೇ ಊರಿನಲ್ಲಿ, ಅಮ್ಮನ ಮನೆಯಲ್ಲಿ. ಊರಿಗೆ ಫೈಬರ್ ಬಂದದ್ದು ಇದಕ್ಕೆ ಅನುಕೂಲವಾಯಿತು. ಒಂದು ಸಣ್ಣ ಪೆಟ್ಟಿಗೆ, ದೇವರ ಗೂಡಿನ ಪಕ್ಕದ ಗೋಡೆಯ ಮೇಲೆ, ಇಲಿ ಹತ್ತದ ಹಾಗೆ. ಅದರೊಳಗಿನದಕ್ಕೆಲ್ಲ ಬೀಗ ಹಾಕಿದ ಹಾಗೆ ಗೂಢಲಿಪಿ ಮಾಡಿದೆ. ಪೆಟ್ಟಿಗೆ ಯಾರಾದರೂ ಎತ್ತಿಕೊಂಡು ಹೋದರೂ ಓದಲಾಗುವುದಿಲ್ಲ. ಒಂದು ಕಾಲದಲ್ಲಿ ಸ್ವಿಚ್ ಆರಿಸಿದ ಅಮ್ಮನೇ ಈಗ ಅದರ ಕಾವಲು. ದೀಪ ಹೊತ್ತಿಸುವಾಗ ನೋಡುತ್ತಾರೆ. ಕೆಂಪು ಬಂದರೆ ತಕ್ಷಣ ಫೋನ್. ಒಂದು ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಎದೆ ಒಡೆದುಹೋಯಿತು, ಯಾರಿಗೆ ಏನಾಯಿತೋ ಅಂತ. "ಹಸಿರೇ ಐತೆ ಕಣಪ್ಪ, ಸುಮ್ನೆ ಹೇಳಾನ ಅಂತ ಮಾಡ್ದೆ" ಅಂದರು.

"ಮುಗಿಯಿತು" ಅನ್ನುವ ಸಂದೇಶ ತೆಗೆದುಹಾಕಿದೆ. ಈಗ ಬರುವ ಸಂದೇಶದಲ್ಲಿ ಎಷ್ಟು ಕಡತ ಹೋದವು, ಎಷ್ಟು ಹೋಗಲಿಲ್ಲ ಅಂತ ಲೆಕ್ಕ ಇರುತ್ತದೆ. ಸಂದೇಶವೇ ಬಾರದಿದ್ದರೆ ಅದೂ ತಪ್ಪು ಅಂತ ಲೆಕ್ಕ. ತಿಂಗಳ ಮೊದಲ ಶನಿವಾರ ಯಾವುದಾದರೂ ಒಬ್ಬ ಗಿರಾಕಿಯ ಹೆಸರನ್ನು ಚೀಟಿ ಎತ್ತಿ, ಅವರದ್ದನ್ನು ಪೂರ್ತಿ ನಕಲಿನಿಂದ ಬೇರೆ ಕಂಪ್ಯೂಟರಿಗೆ ಇಳಿಸಿ ತೆಗೆದು ನೋಡುತ್ತೇನೆ. ಮೇಷ್ಟ್ರದ್ದು ಬಂದರೆ ಕೂತು ಹಾಡು ಕೇಳುತ್ತೇನೆ. ಡಿಸ್ಕುಗಳನ್ನು ಈಗ ಬೇರೆ ಬೇರೆ ಕಂಪನಿಯದ್ದು, ಬೇರೆ ಬೇರೆ ತಿಂಗಳಲ್ಲಿ ತಗೊಳ್ಳುತ್ತೇನೆ.

ಇನ್ನೊಂದು ಕೆಲಸ ಮಾಡಿದೆ, ಅದು ಕಷ್ಟದ್ದು. ಮೂರು ಜನ ಗಿರಾಕಿಗಳನ್ನು ನಾನೇ ಹೊರಗೆ ಕಳಿಸಿದೆ. ಒಂದು ಸಣ್ಣ ಕ್ಲಿನಿಕ್, ಒಂದು ಪತ್ತಿನ ಸಹಕಾರ ಸಂಘ, ಒಂದು ಟ್ಯೂಷನ್ ಸೆಂಟರ್. ರೋಗಿಗಳ ವಿವರ, ಜನರ ದುಡ್ಡಿನ ಲೆಕ್ಕ, ಮಕ್ಕಳ ಅಂಕ, ಫೋನ್ ನಂಬರ್ ಇವೆಲ್ಲ ನನ್ನಂಥವನ ಮನೆಯಲ್ಲಿ ಇರಬಾರದು. ನಾನು ಜ್ವರ ಬಂದು ಮಲಗಿದರೆ ನೋಡುವವರಿಲ್ಲ. ಕಾನೂನೂ ಇದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಸರ್ವರಿಗೆ ಕನ್ನ ಬಿದ್ದರೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಯಾರು ಯಾವಾಗ ಬಂದರು ಅನ್ನುವ ದಾಖಲೆಯನ್ನು 180 ದಿನ ಇಟ್ಟಿರಬೇಕು. ಆಫೀಸಿನಲ್ಲಿ ಮೀಟಿಂಗಿನಲ್ಲಿ ಕೂತವನಿಗೆ 6 ಗಂಟೆ ಬಹಳ ಚಿಕ್ಕದು. ಸಹಕಾರ ಸಂಘದ ಕಾರ್ಯದರ್ಶಿಗೆ ಬೇಸರವಾಯಿತು. "ನಮ್ಮೋನೇ ಹಿಂಗಂದ್ರೆ ಹೆಂಗೆ?" ಅಂದರು. ಅವರದ್ದನ್ನೆಲ್ಲ ನಾನೇ ಹೊಸ ಜಾಗಕ್ಕೆ ಸಾಗಿಸಿಕೊಟ್ಟೆ, ಕೂಲಿ ತಗೊಳ್ಳಲಿಲ್ಲ. ಆದರೂ ಎದುರು ಸಿಕ್ಕರೆ ಮಾತು ಈಗ ಸ್ವಲ್ಪ ಕಡಿಮೆಯೇ.

ಹೊಸದಾಗಿ ಬರುವವರಿಗೆ ಈಗ ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ. ವರ್ಷದಲ್ಲಿ ಕೆಲವು ಸಲ ನಿಲ್ಲುತ್ತದೆ. ನಿಮ್ಮ ಹತ್ತಿರವೂ ಒಂದು ಪ್ರತಿ ಇಟ್ಟುಕೊಳ್ಳಿ. ನಾನು ಬಿಡುವುದಾದರೆ ಮೂರು ತಿಂಗಳು ಮುಂಚೆ ಹೇಳುತ್ತೇನೆ. ಅದರ ಕೆಳಗೆ ಹೆಂಡತಿಯ ನಂಬರೂ ಇದೆ. ನನಗೇ ಏನಾದರೂ ಆದರೆ, ಪಾಸ್‌ವರ್ಡುಗಳು ಬೀರುವಿನಲ್ಲಿ ಯಾವ ಲಕೋಟೆಯಲ್ಲಿ ಇವೆ ಅಂತ ಅವಳಿಗೆ ಗೊತ್ತು. ಆ ಹಾಳೆ ಓದಿ ಇಬ್ಬರು ವಾಪಸ್ ಹೋದರು.

ಬೀರು ಅಂದಾಗ ನೆನಪಾಯಿತು. ಬಿ.ಇ. ಸೇರಿ ಎರಡು ವರ್ಷ ಆದ ಮೇಲೆ ಬಸ್ಸಿನಲ್ಲಿ ನನ್ನ ದಾಖಲೆಗಳ ಚೀಲ ಕಳೆದುಹೋಯಿತು. ಇದೇ ಶಾಲೆಗೆ ಬಂದೆ. ಗುಮಾಸ್ತರು ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಬೀರು ತೆಗೆದು, ದಾಖಲಾತಿ ರಿಜಿಸ್ಟರ್ ಎಳೆದು, ಐದು ನಿಮಿಷದಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ತೋರಿಸಿದರು. ಮೊನ್ನೆ ಬಂದಾಗ ಆ ಬೀರು ನೋಡಿದೆ. ಶಾಲೆಯ ಮೊದಲ ವರ್ಷದ ರಿಜಿಸ್ಟರೂ ಅದರಲ್ಲೇ ಇದೆ, ಅಂಚು ಸ್ವಲ್ಪ ಗೆದ್ದಲು ತಿಂದಿದೆ, ಅಕ್ಷರ ಒಂದೂ ಹೋಗಿಲ್ಲ. 50 ವರ್ಷ. ಯು.ಪಿ.ಎಸ್. ಇಲ್ಲ, ಪಾಸ್‌ವರ್ಡ್ ಇಲ್ಲ, ಒಂದು ಬೀಗದ ಕೈ, ಮತ್ತೆ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಬಂದ ಗುಮಾಸ್ತರು.

ಈಗ ಸಮಿತಿಯವರು, ಈ ಸಂಚಿಕೆಯನ್ನೂ ಹಳೆಯ ಫೋಟೋಗಳನ್ನೂ ಶಾಲೆಯ ವೆಬ್‌ಸೈಟ್ ಮಾಡಿ ನಿನ್ನ ಸರ್ವರಿನಲ್ಲಿ ಹಾಕು ಅಂತ ಕೇಳಿದ್ದಾರೆ. ಹಾಕುತ್ತೇನೆ. ಆದರೆ ಇಷ್ಟು ಜನರ ಮುಂದೆ ನನ್ನ ಷರತ್ತು ಹೇಳಿಬಿಡುತ್ತೇನೆ. ಸ್ಕ್ಯಾನ್ ಆಯಿತಲ್ಲ ಅಂತ ಒಂದು ಫೋಟೋವನ್ನೂ ಬಿಸಾಡಬಾರದು. ಎಲ್ಲದರ ಒಂದು ಪ್ರತಿ ಆ ಬೀರುವಿನಲ್ಲೇ ಇರಬೇಕು, ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡುವ ಜವಾಬ್ದಾರಿ ಒಂಬತ್ತನೇ ತರಗತಿಯ ಮಕ್ಕಳದ್ದು. ರಿಜಿಸ್ಟರ್ ಮಾತ್ರ ಹಾಕುವುದಿಲ್ಲ, ಅದರಲ್ಲಿ ಎಲ್ಲರ ಜಾತಿ, ಹುಟ್ಟಿದ ದಿನ ಇದೆ. ಅದು ಇರುವ ಜಾಗದಲ್ಲೇ ಇರಲಿ. ಶುಲ್ಕ ತಿಂಗಳಿಗೆ 150 ರೂಪಾಯಿ. ನಗಬೇಡಿ, ತಗೊಳ್ಳುತ್ತೇನೆ. ಮೇಷ್ಟ್ರ ಹತ್ತಿರವೂ ಈಗ ತಗೊಳ್ಳುತ್ತೇನೆ, ಎರಡನೇ ಸಲ ಅವರೇ ಗೆದ್ದರು.

ಕೊನೆಯದಾಗಿ ಒಂದು ವಿಷಯ. ಇನ್ನೂ 14 ಪದ ಸಿಕ್ಕಿಲ್ಲ. ಆ ರಾಗಿ ಬೀಸುವ ಪದದ ಸ್ವಲ್ಪ ಭಾಗ, ತೀರಿಕೊಂಡ ಅಜ್ಜಿಯ ತಂಗಿಗೆ ಬರಬಹುದು ಅಂತ ಯಾರೋ ಹೇಳಿದ್ದಾರೆ. ಅವರನ್ನು ಶಿರಾ ಕಡೆಗೆ ಕೊಟ್ಟಿದೆಯಂತೆ, ಊರಿನ ಹೆಸರು ಸರಿಯಾಗಿ ಗೊತ್ತಾಗಿಲ್ಲ. ಉಳಿದ ಹದಿಮೂರರ ಪಟ್ಟಿ ಮೇಷ್ಟ್ರ ನೋಟ್‌ಬುಕ್ಕಿನಲ್ಲಿದೆ, ನೋಟ್‌ಬುಕ್ಕನ್ನು ಇವತ್ತು ತಂದಿದ್ದಾರೆ. ನಿಮ್ಮ ಮನೆಯಲ್ಲಿ ಅಜ್ಜಿಯರಿದ್ದರೆ, ಅತ್ತೆಯರಿದ್ದರೆ, ಯಾರಿಗಾದರೂ ಎರಡು ಸಾಲು ಬಂದರೂ ಸರಿ, ಊಟ ಆದ ಮೇಲೆ ಪಾತ್ರೆ ಇಟ್ಟಿರುವ ಪೆಂಡಾಲಿನ ಪಕ್ಕದ ಬೇವಿನ ಮರದ ಕೆಳಗೆ ಬನ್ನಿ, ನಾವಿಬ್ಬರೂ ಅಲ್ಲೇ ಇರುತ್ತೇವೆ. ರೆಕಾರ್ಡ್ ಮಾಡುವುದಕ್ಕೆ ಎರಡು ಮೊಬೈಲ್ ತಂದಿದ್ದೇವೆ.